ಆಪರೇಟಿಂಗ್ ಸಿಸ್ಟಂ ಅಪ್‌ಗ್ರೇಡ್ ವೈಫಲ್ಯ: ಪತ್ತೆ ಮತ್ತು ಪರಿಹಾರ

ಕಂಪ್ಯೂಟರಿನಲ್ಲಿ ಈಗಾಗಲೇ ಇರುವ ಆಪರೇಟಿಂಗ್ ಸಿಸ್ಟಂ ಅನ್ನು ಮುಂದಿನ ಆವೃತ್ತಿಗೆ ಏರಿಸುವ ಕೆಲಸ ಮೂರು ರೀತಿಯಲ್ಲಿ ಕೆಡಬಹುದು. ಒಂದು, ಅದು ನಡುವೆಯೇ ನಿಂತು ಯಂತ್ರ ಏಳದಂತಾಗುವುದು. ಎರಡು, ಅರ್ಧಕ್ಕೆ ಕೈಬಿಟ್ಟು ಹಳೆಯ ಆವೃತ್ತಿಗೆ ತಾನೇ ಮರಳುವುದು. ಮೂರು, ಮುಗಿದಂತೆ ಕಂಡರೂ ಪ್ರಿಂಟರ್, ಕನ್ನಡ ಫಾಂಟ್, ಬೆರಳಗುರುತು ಓದುವ ಯಂತ್ರ ಇತ್ಯಾದಿ ಕೈಕೊಡುವುದು. ಹೆಚ್ಚು ಗಾಬರಿ ಹುಟ್ಟಿಸುವುದು ಮೊದಲನೆಯದು, ಹೆಚ್ಚಾಗಿ ಆಗುವುದು ಎರಡನೆಯದು. ಕರ್ನಾಟಕದ ಕಚೇರಿ ಮತ್ತು ಡಿಟಿಪಿ ಅಂಗಡಿಗಳಿಗೆ ಹೆಚ್ಚು ನಷ್ಟ ತರುವುದು ಮೂರನೆಯದು.

ತಿಂಗಳು ತಿಂಗಳು ಬರುವ ಭದ್ರತಾ ಅಪ್‌ಡೇಟ್ ಬೇರೆ, ಅಪ್‌ಗ್ರೇಡ್ ಬೇರೆ. ಅಪ್‌ಡೇಟ್ ಕೆಲವು ಕಡತಗಳನ್ನಷ್ಟೇ ಬದಲಿಸುತ್ತದೆ. ಅಪ್‌ಗ್ರೇಡ್ ಎಂದರೆ ಹೊಸ ಆಪರೇಟಿಂಗ್ ಸಿಸ್ಟಂ ಇಡಿಯಾಗಿ ಬಂದು ಕೂತು, ಹಳೆಯದರಿಂದ ಬಳಕೆದಾರನ ಕಡತ, ತಂತ್ರಾಂಶ, ಸೆಟ್ಟಿಂಗ್‌ಗಳನ್ನು ತನ್ನೊಳಗೆ ಸಾಗಿಸಿಕೊಳ್ಳುವುದು. ಇವೆರಡೂ ಅಲ್ಲದ ಮೂರನೆಯ ದಾರಿ ಡಿಸ್ಕ್ ಅಳಿಸಿ ಹೊಸದಾಗಿ ಹಾಕುವುದು. ಬಳಕೆಯ ಮಾತಿನಲ್ಲಿ ‘ಫಾರ್ಮ್ಯಾಟ್ ಹೊಡೆಯುವುದು’. ವಿಜಯಪುರ ಜಿಲ್ಲೆಯ ಯಾವುದೇ ಕಂಪ್ಯೂಟರ್ ಅಂಗಡಿಗೆ ಕೆಟ್ಟ ಯಂತ್ರ ಒಯ್ದರೂ ‘ಫಾರ್ಮ್ಯಾಟ್ ಹೊಡದ್ರ ಸರಿ ಆಕ್ಕೈತ್ರಿ’ ಎಂಬ ಮಾತು ಬೇಗ ಬರುತ್ತದೆ. ಯಂತ್ರ ಸರಿಯಾಗುವುದೂ ನಿಜವೇ. ಆದರೆ ವಿಫಲ ಅಪ್‌ಗ್ರೇಡ್‌ನಲ್ಲಿ ಮಾಹಿತಿ ಹೋಗುವುದು ಬಹುಮಟ್ಟಿಗೆ ಅಪ್‌ಗ್ರೇಡ್‌ನಿಂದಲ್ಲ, ಅದರ ನಂತರ ಅವಸರದಲ್ಲಿ ಹೊಡೆದ ಫಾರ್ಮ್ಯಾಟ್‌ನಿಂದ.

ಹಿನ್ನೆಲೆ

ಆಪರೇಟಿಂಗ್ ಸಿಸ್ಟಂಗೂ ಆಯುಷ್ಯ ಉಂಟು. ತಯಾರಕರು ಭದ್ರತಾ ತಿದ್ದುಪಡಿ ಕೊಡುವುದನ್ನು ನಿಲ್ಲಿಸಿದ ದಿನಕ್ಕೆ ಅದು ಮುಗಿಯುತ್ತದೆ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಗೆ ಬೆಂಬಲ ನಿಂತದ್ದು 2014ರ ಏಪ್ರಿಲ್ 8ರಂದು, ವಿಂಡೋಸ್ 7ಕ್ಕೆ 2020ರ ಜನವರಿ 14ರಂದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು. ಬೆಂಬಲ ನಿಂತರೂ ಯಂತ್ರ ನಡೆಯುತ್ತಲೇ ಇರುವುದರಿಂದ ಬಳಕೆದಾರರಿಗೆ ಅವಸರ ಕಾಣುವುದಿಲ್ಲ. 2017ರ ಮೇ ತಿಂಗಳ ವಾನ್ನಾಕ್ರೈ ಎಂಬ ಸುಲಿಗೆ ತಂತ್ರಾಂಶದ ದಾಳಿ ಈ ಉದಾಸೀನದ ಬೆಲೆಯನ್ನು ತೋರಿಸಿತು. ಅದು ನುಗ್ಗಿದ ಕಿಂಡಿಗೆ ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ತೇಪೆ ಕೊಟ್ಟಿತ್ತು. ಹಾಕಿಕೊಳ್ಳದ ಯಂತ್ರಗಳು ಸಿಕ್ಕಿಬಿದ್ದವು.

ವಿಂಡೋಸ್ 11ರ ಜೊತೆ ಹೊಸ ತೊಡಕೊಂದು ಬಂತು. ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್, ಯುಇಎಫ್‌ಐ ಮತ್ತು ಸೆಕ್ಯೂರ್ ಬೂಟ್, 4 ಜಿಬಿ ರ‍್ಯಾಮ್, 64 ಜಿಬಿ ಡಿಸ್ಕ್, ಇಂಟೆಲ್ ಆದರೆ ಸಾಮಾನ್ಯವಾಗಿ 8ನೇ ತಲೆಮಾರಿನ ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್ ಬೇಕು. ಚೆನ್ನಾಗಿಯೇ ಓಡುತ್ತಿರುವ, ಆದರೆ 2018ಕ್ಕಿಂತ ಹಿಂದೆ ಕೊಂಡ ಯಂತ್ರಗಳಲ್ಲಿ ಹೆಚ್ಚಿನವು ಈ ಜರಡಿಯಲ್ಲಿ ನಿಲ್ಲುವುದಿಲ್ಲ. ಹಳ್ಳಿಯ ಸೇವಾ ಕೇಂದ್ರ, ಸಹಕಾರ ಸಂಘ, ಶಾಲೆಗಳಲ್ಲಿರುವುದು ಹೆಚ್ಚಾಗಿ ಇಂಥವೇ. ಆದ್ದರಿಂದ ಅಪ್‌ಗ್ರೇಡ್ ವೈಫಲ್ಯ ಮಹಾನಗರಕ್ಕಿಂತ ಬಸವನ ಬಾಗೇವಾಡಿ ಕಡೆಯ ಮಸೂತಿಯಂಥ ಊರಿಗೇ ಹೆಚ್ಚು ಸಂಬಂಧಪಟ್ಟ ವಿಷಯ.

ಅಪ್‌ಗ್ರೇಡ್ ನಡೆಯುವ ಬಗೆ

ವಿಂಡೋಸ್ ಅಪ್‌ಗ್ರೇಡ್ ನಾಲ್ಕು ಹಂತಗಳಲ್ಲಿ ನಡೆಯುತ್ತದೆ. ಮೊದಲ ಹಂತದಲ್ಲಿ ಹಳೆಯ ವಿಂಡೋಸ್ ಇನ್ನೂ ಓಡುತ್ತಿರುತ್ತದೆ. ಹೊಸದರ ಕಡತಗಳು ಇಳಿದು, ಜಾಗ ಸಾಲುತ್ತದೆಯೇ, ಅಡ್ಡ ಬರುವ ತಂತ್ರಾಂಶಗಳಿವೆಯೇ ಎಂಬ ತಪಾಸಣೆ ನಡೆಯುತ್ತದೆ. ಎರಡನೆಯದು ಸೇಫ್ ಓಎಸ್ ಹಂತ. ಯಂತ್ರ ಮರುಚಾಲನೆಗೊಂಡು, ಒಂದು ಪುಟ್ಟ ಮಧ್ಯಂತರ ವ್ಯವಸ್ಥೆಯಲ್ಲಿ ನಿಂತು, ಹಳೆಯದನ್ನು ಬದಿಗಿಟ್ಟು ಹೊಸದನ್ನು ಹರವುತ್ತದೆ. ಮೂರನೆಯದರಲ್ಲಿ ಹೊಸ ವಿಂಡೋಸ್ ಮೊದಲ ಬಾರಿ ಎದ್ದು ಯಂತ್ರಾಂಶಗಳಿಗೆ ಡ್ರೈವರ್ ಹಾಕಿಕೊಳ್ಳುತ್ತದೆ. ನಾಲ್ಕನೆಯದರಲ್ಲಿ ಬಳಕೆದಾರನ ಸೆಟ್ಟಿಂಗ್‌ಗಳು ಬಂದು ಸೇರುತ್ತವೆ. ಯಾವ ಹಂತದಲ್ಲಿ ಎಡವಿದರೂ ಹಿಂದಕ್ಕೆ ಮರಳುವ ವ್ಯವಸ್ಥೆ ಒಳಗೇ ಇದೆ. ಹಳೆಯ ವಿಂಡೋಸ್ ಅನ್ನು ಅಳಿಸದೆ ‘ವಿಂಡೋಸ್ ಡಾಟ್ ಓಲ್ಡ್’ ಎಂಬ ಫೋಲ್ಡರಿನಲ್ಲಿ ಇಟ್ಟಿರುವುದು ಇದಕ್ಕಾಗಿಯೇ. ಪರದೆಯ ಮೇಲೆ ಹಿಂದಿನ ಆವೃತ್ತಿಗೆ ಮರಳುತ್ತಿದ್ದೇವೆ ಎಂಬ ಸಾಲು ಕಂಡರೆ ಅದು ಆಪತ್ತಲ್ಲ. ರಕ್ಷಣೆಯ ಕೆಲಸ ನಡೆದಿದೆ ಎಂದರ್ಥ. ಆ ಹೊತ್ತಿನಲ್ಲಿ ತಾಳ್ಮೆಗೆಟ್ಟು ಪವರ್ ಬಟನ್ ಒತ್ತಿ ಹಿಡಿದವರೇ ಮೊದಲ ಬಗೆಯ ವೈಫಲ್ಯಕ್ಕೆ ಸಿಕ್ಕುವುದು.

ಎಷ್ಟು ಹೊತ್ತು ಕಾಯಬೇಕು? ಎಸ್‌ಎಸ್‌ಡಿ ಇರುವ ಯಂತ್ರದಲ್ಲಿ ಒಂದು ಗಂಟೆಯೊಳಗೆ ಮುಗಿಯುವ ಕೆಲಸ ಹಳೆಯ ಹಾರ್ಡ್ ಡಿಸ್ಕ್‌ನಲ್ಲಿ ಮೂರು ನಾಲ್ಕು ಗಂಟೆ ತಗಲಬಹುದು. ಶೇಕಡಾವಾರು ಅಂಕಿ ಒಂದೇ ಕಡೆ ಅರ್ಧ ಗಂಟೆ ನಿಲ್ಲುವುದು ಮಾಮೂಲು. ಡಿಸ್ಕ್ ದೀಪ ಮಿನುಗುತ್ತಿದ್ದರೆ ಕೆಲಸ ನಡೆದಿದೆ ಎಂದೇ ತಿಳಿಯಬೇಕು.

ದೋಷ ಸಂಕೇತ ಓದುವುದು

ಅಪ್‌ಗ್ರೇಡ್ ಕೆಟ್ಟಾಗ ವಿಂಡೋಸ್ ಎರಡು ಸಂಖ್ಯೆಗಳನ್ನು ಕೊಡುತ್ತದೆ. ಬಹಳ ಜನ ಫೋಟೋ ಕೂಡ ತೆಗೆಯದೆ ಆ ಪರದೆಯನ್ನು ಮುಚ್ಚಿಬಿಡುತ್ತಾರೆ. ಮೊದಲನೆಯ ಸಂಖ್ಯೆ ಏನು ಕೆಟ್ಟಿತೆಂದು ಹೇಳುತ್ತದೆ, ಎರಡನೆಯದು ಎಲ್ಲಿ ಕೆಟ್ಟಿತೆಂದು. ‘ಸಿ1900101 – 20017’ ಎಂಬ ಜೋಡಿಯನ್ನು ತೆಗೆದುಕೊಳ್ಳೋಣ. ಮೊದಲ ಭಾಗ ಡ್ರೈವರಿನ ತಕರಾರನ್ನು ಸೂಚಿಸುತ್ತದೆ. ಎರಡನೆಯ ಭಾಗದ ಮೊದಲ ಅಂಕಿ 2 ಆಗಿರುವುದರಿಂದ ಅದು ಕೆಟ್ಟದ್ದು ಸೇಫ್ ಓಎಸ್ ಹಂತದಲ್ಲಿ. ಅಂಕಿ 3 ಆಗಿದ್ದರೆ ಮೊದಲ ಬೂಟ್, 4 ಆಗಿದ್ದರೆ ಎರಡನೆಯ ಬೂಟ್. ಇಷ್ಟು ಗೊತ್ತಾದರೆ ಮುಂದಿನ ಹೆಜ್ಜೆ ತಾನಾಗಿ ಹೊಳೆಯುತ್ತದೆ: ಪ್ರಿಂಟರ್, ಡಾಂಗಲ್, ಬೆರಳಗುರುತು ಓದುವ ಯಂತ್ರ, ಹೊರಗಿನ ಡಿಸ್ಕ್ ಎಲ್ಲ ಕಿತ್ತು, ಕೀಬೋರ್ಡ್ ಮೌಸ್ ಮಾತ್ರ ಉಳಿಸಿ, ಮೂರನೆಯವರ ಆ್ಯಂಟಿವೈರಸ್ ತೆಗೆದು ಮತ್ತೆ ಪ್ರಯತ್ನಿಸುವುದು. ಡ್ರೈವರ್ ದೋಷಗಳಲ್ಲಿ ಬಹಳಷ್ಟು ಇಷ್ಟಕ್ಕೇ ಬಗೆಹರಿಯುತ್ತವೆ.

‘80070070’ ಕಂಡರೆ ಡಿಸ್ಕ್ ತುಂಬಿದೆ. ‘ಸಿ1900208’ ಎಂದರೆ ಹೊಂದಾಣಿಕೆಯಿಲ್ಲದ ತಂತ್ರಾಂಶವೊಂದು ದಾರಿಗೆ ಅಡ್ಡ ನಿಂತಿದೆ. ‘ಸಿ1900200’ ಎಂದರೆ ಯಂತ್ರಕ್ಕೆ ಕನಿಷ್ಠ ಅರ್ಹತೆಯೇ ಇಲ್ಲ; ಮತ್ತೆ ಮತ್ತೆ ಪ್ರಯತ್ನಿಸಿ ಫಲವಿಲ್ಲ. ಕೆಲವೊಮ್ಮೆ ತಪ್ಪು ಬಳಕೆದಾರನದಾಗಿರುವುದೇ ಇಲ್ಲ. 2024ರ ಜನವರಿಯಲ್ಲಿ ಬಂದ ಒಂದು ಭದ್ರತಾ ಅಪ್‌ಡೇಟ್ ಅಸಂಖ್ಯ ಯಂತ್ರಗಳಲ್ಲಿ ‘80070643’ ಎಂಬ ಸಂಕೇತ ತೋರಿಸಿ ಕೂತಿತು. ರಿಕವರಿ ವಿಭಾಗದಲ್ಲಿ ಸುಮಾರು 250 ಎಂಬಿ ಹೆಚ್ಚುವರಿ ಜಾಗ ಬೇಕಾಗಿದ್ದದ್ದೇ ಕಾರಣ. ಆ ವಿಭಾಗವನ್ನು ಚಿಕ್ಕದಾಗಿ ಮಾಡಿಟ್ಟದ್ದು ವಿಂಡೋಸೇ.

ಸಂಕೇತ ಕೈತಪ್ಪಿಹೋಗಿದ್ದರೂ ದಾಖಲೆ ಉಳಿದಿರುತ್ತದೆ. ಪ್ಯಾಂಥರ್ ಎಂಬ ಫೋಲ್ಡರಿನಲ್ಲಿ ಅಪ್‌ಗ್ರೇಡ್‌ನ ಪೂರ್ತಿ ದಿನಚರಿ ಇರುತ್ತದೆ. ಅದನ್ನು ಓದಿ ಕಾರಣ ಹೇಳುವ ಸೆಟಪ್‌ಡಯಾಗ್ ಎಂಬ ಉಚಿತ ಸಾಧನವನ್ನು ಮೈಕ್ರೋಸಾಫ್ಟ್ ತಾನೇ ಕೊಡುತ್ತದೆ.

ಕಾರಣಗಳು

ಪುಸ್ತಕದ ಕಾರಣಗಳು ಎಲ್ಲ ಊರಿಗೂ ಒಂದೇ. ಯಾವುದು ಮೊದಲು ಎಂಬ ಅನುಕ್ರಮ ಮಾತ್ರ ಊರಿನಿಂದ ಊರಿಗೆ ಬದಲಾಗುತ್ತದೆ. ಮಸೂತಿಯಲ್ಲಿ ಮೊದಲನೆಯದು ಕರೆಂಟ್. ಊರ ಪಕ್ಕದಲ್ಲೇ ಕೂಡಗಿಯ ಎನ್‌ಟಿಪಿಸಿ ಉಷ್ಣ ವಿದ್ಯುತ್ ಸ್ಥಾವರವಿದೆ. 800 ಮೆಗಾವಾಟ್‌ನ ಮೂರು ಘಟಕಗಳು, ಒಟ್ಟು 2400 ಮೆಗಾವಾಟ್. ಆಚೆಗೆ ಆಲಮಟ್ಟಿಯ ಜಲವಿದ್ಯುತ್ ಕೇಂದ್ರ. ಆದರೆ ಅಲ್ಲಿ ಹುಟ್ಟಿದ ಕರೆಂಟ್ ಹೋಗುವುದು ದೊಡ್ಡ ಗ್ರಿಡ್ಡಿಗೆ. ಊರಿಗೆ ಬರುವುದು ಹೆಸ್ಕಾಂ ಫೀಡರಿನಿಂದ. ಹಳ್ಳಿಯ ಮನೆಗಳ ಮಾರ್ಗವನ್ನು ಪಂಪ್‌ಸೆಟ್ ಮಾರ್ಗದಿಂದ ಬೇರ್ಪಡಿಸಿದ ನಿರಂತರ ಜ್ಯೋತಿ ಯೋಜನೆಯ ಬಳಿಕ ಪರಿಸ್ಥಿತಿ ಸುಧಾರಿಸಿದ್ದರೂ, ಮುಂಗಾರುಪೂರ್ವದ ಗಾಳಿ ಮಳೆಗೆ ತಂತಿ ಹರಿದರೆ ಸ್ಥಾವರದ ಚಿಮಣಿ ಕಣ್ಣೆದುರಿಗಿದ್ದೂ ಪ್ರಯೋಜನವಿಲ್ಲ. ಸಾಮಾನ್ಯ ಯುಪಿಎಸ್ ಕೊಡುವುದು ಹತ್ತಿಪ್ಪತ್ತು ನಿಮಿಷ, ಬ್ಯಾಟರಿ ಹಳೆಯದಾಗಿದ್ದರೆ ಅದೂ ಇಲ್ಲ. ಸೇಫ್ ಓಎಸ್ ಹಂತದಲ್ಲಿ ಕರೆಂಟ್ ಹೋದರೂ ಬಹಳಷ್ಟು ಸಲ ವಿಂಡೋಸ್ ಹಿಂದಕ್ಕೆ ಮರಳಬಲ್ಲದು. ಆದರೆ ಅಪ್‌ಗ್ರೇಡ್‌ಗೆ ಸಿದ್ಧತೆಯೆಂದು ಬಯಾಸ್ ಅನ್ನೂ ನವೀಕರಿಸಲು ಹೊರಟು ಆ ನಡುವೆ ಕರೆಂಟ್ ಹೋದರೆ ಮದರ್‌ಬೋರ್ಡೇ ನಿಷ್ಕ್ರಿಯವಾಗಬಹುದು. ಎರಡನ್ನೂ ಒಂದೇ ದಿನ ಮಾಡದಿರುವುದು ಲೇಸು. ಲ್ಯಾಪ್‌ಟಾಪ್ ಆದರೆ ಬ್ಯಾಟರಿ ತುಂಬಿಸಿಕೊಂಡು ಚಾರ್ಜರ್ ಸಿಕ್ಕಿಸಿಯೇ ಕೂರಬೇಕು.

ಎರಡನೆಯದು ಡೇಟಾ. ವಿಂಡೋಸ್ 11ರ ಪೂರ್ಣ ಕಡತ 5 ಜಿಬಿಗಿಂತ ದೊಡ್ಡದು. ಭಾರತ್‌ನೆಟ್ ಫೈಬರ್ ಪಂಚಾಯಿತಿಗೆ ಬಂದಿದ್ದರೂ ಮನೆ ಮತ್ತು ಅಂಗಡಿಗಳಲ್ಲಿ ಮೊಬೈಲ್ ಹಾಟ್‌ಸ್ಪಾಟ್ ಮೇಲೆ ನಡೆಯುವ ಕಂಪ್ಯೂಟರುಗಳೇ ಬಹಳ. ದಿನಕ್ಕೆ ಒಂದೂವರೆ ಎರಡು ಜಿಬಿ ಪ್ಯಾಕ್‌ನಲ್ಲಿ ಇಳಿಸಲು ಹೊರಟರೆ ಮಧ್ಯಾಹ್ನಕ್ಕೆ ವೇಗ ಕುಸಿಯುತ್ತದೆ, ಇಳಿಕೆ ತುಂಡಾಗುತ್ತದೆ, ಕಡತ ಹಾಳಾಗುತ್ತದೆ. ಒಳ್ಳೆಯ ಸಂಪರ್ಕ ಇರುವ ಕಡೆ ಒಮ್ಮೆ ಇಳಿಸಿ, ಮೈಕ್ರೋಸಾಫ್ಟ್‌ನದೇ ಮೀಡಿಯಾ ಕ್ರಿಯೇಷನ್ ಸಾಧನದಿಂದ 8 ಜಿಬಿಯ ಪೆನ್‌ಡ್ರೈವ್‌ನಲ್ಲಿ ಹಾಕಿಟ್ಟುಕೊಂಡರೆ ಹತ್ತು ಯಂತ್ರಕ್ಕೂ ಅದೇ ಸಾಕು. ಅಂಗಡಿಯಿಂದ ಅಂಗಡಿಗೆ ಓಡಾಡುವ, ಯಾರೋ ತಿದ್ದಿ ‘ಆ್ಯಕ್ಟಿವೇಟ್’ ಮಾಡಿಟ್ಟ ವಿಂಡೋಸ್ ಪ್ರತಿಗಳನ್ನು ಮುಟ್ಟಬಾರದು. ಅವುಗಳಲ್ಲಿ ಅಪ್‌ಡೇಟ್ ಸೇವೆಯನ್ನೇ ಕತ್ತರಿಸಿರುವುದುಂಟು. ಮುಂದಿನ ಅಪ್‌ಗ್ರೇಡ್ ಕೆಡಲು ಅಷ್ಟು ಸಾಕು.

ಡಿಸ್ಕ್‌ನ ಆರೋಗ್ಯವನ್ನು ಅಪ್‌ಗ್ರೇಡ್ ಬಯಲಿಗೆಳೆಯುತ್ತದೆ. ದಿನವೂ ನಾಲ್ಕು ಅರ್ಜಿ ಟೈಪು ಮಾಡುವಾಗ ಕಾಣದ ಕೆಟ್ಟ ಸೆಕ್ಟರ್‌ಗಳು ಹತ್ತಿಪ್ಪತ್ತು ಜಿಬಿ ಒಮ್ಮೆಗೇ ಬರೆಯುವಾಗ ಎದುರಾಗುತ್ತವೆ. ಆಗ ಜನ ‘ಅಪ್‌ಗ್ರೇಡ್‌ನಿಂದ ಡಿಸ್ಕ್ ಹೋಯಿತು’ ಎನ್ನುತ್ತಾರೆ. ಡಿಸ್ಕ್ ಹೋಗಿ ಎಷ್ಟೋ ದಿನವಾಗಿತ್ತು ಎಂಬುದೇ ಹೆಚ್ಚು ಸರಿ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಈ ಸೀಮೆಯಲ್ಲಿ ದೂಳು ತುಂಬಿದ ಫ್ಯಾನ್ ಇನ್ನೊಂದು ಕಾರಣ. ಬಿಸಿಗೆ ಯಂತ್ರ ತಾನಾಗಿ ಆರುತ್ತದೆ, ದೂರು ವಿಂಡೋಸ್ ಮೇಲೆ ಬರುತ್ತದೆ.

ಪರಿಹಾರದ ಕ್ರಮ

ಮೊದಲು ಮಾಹಿತಿ, ಆಮೇಲೆ ಯಂತ್ರ. ಏಳದ ಯಂತ್ರದಿಂದಲೂ ಕಡತ ತೆಗೆಯಬಹುದು. ವಿಂಡೋಸ್ ಎರಡು ಬಾರಿ ಸತತವಾಗಿ ಏಳಲು ವಿಫಲವಾದರೆ ಮುಂದಿನ ಬಾರಿ ರಿಕವರಿ ಪರದೆ ತಾನಾಗಿ ಬರುತ್ತದೆ. ಬಾರದಿದ್ದರೆ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ‘ರಿಪೇರ್ ಯುವರ್ ಕಂಪ್ಯೂಟರ್’ ಆರಿಸಬೇಕು. ಅಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ‘ನೋಟ್‌ಪ್ಯಾಡ್’ ಎಂದು ಟೈಪಿಸಿದರೆ ನೋಟ್‌ಪ್ಯಾಡ್ ತೆರೆದುಕೊಳ್ಳುತ್ತದೆ. ಅದರ ಫೈಲ್ ಮೆನುವಿನಲ್ಲಿ ಓಪನ್ ಒತ್ತಿ, ಕೆಳಗೆ ‘ಆಲ್ ಫೈಲ್ಸ್’ ಆರಿಸಿದರೆ ಡಿಸ್ಕ್‌ನ ಎಲ್ಲ ಫೋಲ್ಡರುಗಳು ಕಾಣುತ್ತವೆ. ಬೇಕಾದ ಫೋಲ್ಡರಿನ ಮೇಲೆ ಬಲ ಕ್ಲಿಕ್ ಮಾಡಿ ಕಾಪಿ, ಪೆನ್‌ಡ್ರೈವ್‌ಗೆ ಹೋಗಿ ಪೇಸ್ಟ್. ಇಲ್ಲಿ ಡ್ರೈವ್‌ಗಳ ಅಕ್ಷರ ಅದಲುಬದಲಾಗಿರಬಹುದು. ಸಿ ಎಂದುಕೊಂಡದ್ದು ಡಿ ಆಗಿ ಕಂಡರೆ ಗಾಬರಿ ಬೇಡ. ಉಬುಂಟು ಲಿನಕ್ಸ್ ಇರುವ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿಯೂ ಇದೇ ಕೆಲಸ ಆಗುತ್ತದೆ.

‘ಡಿ ಡ್ರೈವ್‌ನಾಗ ಇದ್ದದ್ದು ಹೋಗಂಗಿಲ್ರಿ’ ಎಂಬ ಅಂಗಡಿಯವರ ಭರವಸೆ ಅರ್ಧ ಸತ್ಯ. ಡೆಸ್ಕ್‌ಟಾಪ್, ಡೌನ್‌ಲೋಡ್ಸ್, ಡಾಕ್ಯುಮೆಂಟ್ಸ್ ಮೂರೂ ಸಿ ಡ್ರೈವ್‌ನ ಭಾಗ. ಕೆಲಸದ ಕಡತಗಳು ಇರುವುದು ಅಲ್ಲೇ. ಅವನ್ನು ಡಿ ಡ್ರೈವ್‌ಗೆ ತಿರುಗಿಸಿಟ್ಟ ಜಾಣರೂ ಒಮ್ಮೆ ಪೆಟ್ಟು ತಿಂದರು. ವಿಂಡೋಸ್ 10ರ 2018ರ ಅಕ್ಟೋಬರ್ ಅಪ್‌ಗ್ರೇಡ್, ಹೀಗೆ ತಿರುಗಿಸಿದ ಫೋಲ್ಡರುಗಳ ಮೂಲ ಜಾಗದಲ್ಲಿ ಉಳಿದಿದ್ದ ಕಡತಗಳನ್ನು ಅಳಿಸಿಹಾಕಿತು. ಮೈಕ್ರೋಸಾಫ್ಟ್ ಕೆಲವೇ ದಿನಗಳಲ್ಲಿ ಅದನ್ನು ಹಿಂತೆಗೆದು, ಸರಿಪಡಿಸಿ ನವೆಂಬರ್ 13ರಂದು ಮತ್ತೆ ಬಿಟ್ಟಿತು. ಅಪ್‌ಗ್ರೇಡ್ ಬಂದ ವಾರದಲ್ಲೇ ಹಾಕಿಕೊಳ್ಳಬೇಡಿ ಎಂದು ಅನುಭವಸ್ಥರು ಹೇಳುವುದು ಸುಮ್ಮನೆ ಅಲ್ಲ.

ಕಡತ ಹೊರಗೆ ಬಂದ ಮೇಲೆ ದುರಸ್ತಿ. ರಿಕವರಿ ಪರದೆಯಲ್ಲಿ ಸ್ಟಾರ್ಟಪ್ ರಿಪೇರ್, ಅದಾಗದಿದ್ದರೆ ‘ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್’, ಆಮೇಲೆ ಸಿಸ್ಟಂ ರಿಸ್ಟೋರ್, ಹೀಗೆ ಕಡಿಮೆ ಹಾನಿಯದರಿಂದ ಹೆಚ್ಚು ಹಾನಿಯದರ ಕಡೆ ಸಾಗಬೇಕು. ಯಂತ್ರ ಎದ್ದು ನಿಂತಿದ್ದು ಅಪ್‌ಗ್ರೇಡ್ ಮಾತ್ರ ಒಪ್ಪುತ್ತಿಲ್ಲವಾದರೆ ಡಿಐಎಸ್‌ಎಂ, ಎಸ್‌ಎಫ್‌ಸಿ ಎಂಬ ಎರಡು ಕಮಾಂಡುಗಳಿಂದ ವಿಂಡೋಸ್‌ನ ಕೆಟ್ಟ ಕಡತಗಳನ್ನು ಸರಿಪಡಿಸಿಕೊಳ್ಳಬಹುದು. ಡಿಐಎಸ್‌ಎಂ ಮೊದಲು, ಎಸ್‌ಎಫ್‌ಸಿ ನಂತರ. ಎಸ್‌ಎಫ್‌ಸಿ ಬಳಸುವ ದಾಸ್ತಾನನ್ನು ರಿಪೇರಿ ಮಾಡುವುದೇ ಡಿಐಎಸ್‌ಎಂ. ಅದೂ ಸೋತರೆ ಪೆನ್‌ಡ್ರೈವ್‌ನಲ್ಲಿರುವ ಸೆಟಪ್ ಅನ್ನು ವಿಂಡೋಸ್ ಒಳಗಿನಿಂದಲೇ ಓಡಿಸಿ, ಕಡತ ಮತ್ತು ಆ್ಯಪ್‌ಗಳನ್ನು ಉಳಿಸಿಕೊಳ್ಳುವ ಆಯ್ಕೆಯೊಂದಿಗೆ ಅದೇ ಆವೃತ್ತಿಯನ್ನು ಇದ್ದದ್ದರ ಮೇಲೆಯೇ ಹಾಕಬಹುದು. ಫಾರ್ಮ್ಯಾಟ್ ಹೊಡೆಯುವುದಕ್ಕೆ ಮುಂಚಿನ ಈ ಕೊನೆಯ ಮೆಟ್ಟಿಲನ್ನು ತಿಳಿದವರು ಕಡಿಮೆ. ಫಾರ್ಮ್ಯಾಟ್ ಬೇಕೆನ್ನುವ ಯಂತ್ರಗಳಲ್ಲಿ ಬಹಳಷ್ಟು ಇಲ್ಲಿಗೇ ಸರಿಹೋಗುತ್ತವೆ.

ಅಪ್‌ಗ್ರೇಡ್ ಯಶಸ್ವಿಯಾಗಿಯೂ ಹೊಸದು ಹಿಡಿಸದಿದ್ದರೆ 10 ದಿನಗಳೊಳಗೆ ಸೆಟ್ಟಿಂಗ್ಸ್‌ನಿಂದಲೇ ಹಿಂದಕ್ಕೆ ಹೋಗಬಹುದು. ಆ ಗಡುವಿನೊಳಗೇ ಡಿಐಎಸ್‌ಎಂ ಕಮಾಂಡ್ ಒಂದರಿಂದ ಅವಧಿಯನ್ನು 60 ದಿನಗಳವರೆಗೆ ವಿಸ್ತರಿಸಬಹುದು. ಗಡುವು ಮುಗಿದ ಮೇಲೆ, ಅಥವಾ ಜಾಗ ಸಾಲದೆಂದು ‘ವಿಂಡೋಸ್ ಡಾಟ್ ಓಲ್ಡ್’ ಅಳಿಸಿದ ಮೇಲೆ, ಆ ದಾರಿ ಮುಚ್ಚಿತು.

ಬಿಟ್‌ಲಾಕರ್ ಎಂಬ ಬೀಗದ ಬಗ್ಗೆ ಬೇರೆಯಾಗಿಯೇ ಎಚ್ಚರಿಸಬೇಕು. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಗೂಢಲಿಪೀಕರಣ ಬಳಕೆದಾರನಿಗೆ ತಿಳಿಯದಂತೆಯೇ ಚಾಲೂ ಆಗಿರುತ್ತದೆ. ಅಪ್‌ಗ್ರೇಡ್ ಕೆಟ್ಟು ಯಂತ್ರ ರಿಕವರಿಗೆ ಹೋದರೆ 48 ಅಂಕಿಗಳ ಕೀಲಿ ಕೇಳುತ್ತದೆ. ಆ ಕೀಲಿ ಇರುವುದು ಯಂತ್ರವನ್ನು ಮೊದಲು ಸಿದ್ಧಪಡಿಸುವಾಗ ಕೊಟ್ಟ ಮೈಕ್ರೋಸಾಫ್ಟ್ ಖಾತೆಯಲ್ಲಿ. ಆ ಖಾತೆಯನ್ನು ಅಂಗಡಿಯ ಹುಡುಗ ಯಾವುದೋ ಮೇಲ್ ಐಡಿಯಿಂದ ತೆರೆದಿದ್ದರೆ? ಕೀಲಿ ಇಲ್ಲದೆ ಡಿಸ್ಕ್ ಓದಲು ಬರುವುದಿಲ್ಲ; ಬೆಂಗಳೂರಿನ ಯಾವ ಲ್ಯಾಬಿಗೆ ಒಯ್ದರೂ ಅಷ್ಟೇ. ಅಪ್‌ಗ್ರೇಡ್‌ಗೆ ಮುಂಚೆ ಆ ಕೀಲಿಯನ್ನು ಕಾಗದದಲ್ಲಿ ಬರೆದಿಡಬೇಕು, ಕೆಲಸ ಮುಗಿಯುವವರೆಗೆ ಬಿಟ್‌ಲಾಕರ್ ಅನ್ನು ತಾತ್ಕಾಲಿಕವಾಗಿ ತಡೆಹಿಡಿಯಬೇಕು.

2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಕಂಪನಿಯ ಭದ್ರತಾ ತಂತ್ರಾಂಶದ ಒಂದು ದೋಷಪೂರಿತ ಕಡತ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳನ್ನು ನೀಲಿ ಪರದೆಗೆ ತಂದು ನಿಲ್ಲಿಸಿತು. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲೂ ಕೆಲವು ವಿಮಾನಯಾನ ಸಂಸ್ಥೆಗಳ ಚೆಕ್-ಇನ್ ಅಸ್ತವ್ಯಸ್ತವಾಯಿತು. ಅದು ಅಪ್‌ಗ್ರೇಡ್ ಅಲ್ಲದಿದ್ದರೂ ಪರಿಹಾರ ಮಾತ್ರ ಇದೇ ಜಾತಿಯದು: ಸೇಫ್ ಮೋಡ್‌ಗೆ ಹೋಗಿ ಒಂದೇ ಒಂದು ಕಡತವನ್ನು ಅಳಿಸುವುದು, ಒಂದೊಂದೇ ಯಂತ್ರದ ಮುಂದೆ ಕೂತು. ಬಿಟ್‌ಲಾಕರ್ ಕೀಲಿ ಕೈಗೆ ಸಿಗದ ಕಚೇರಿಗಳಲ್ಲಿ ಐದು ನಿಮಿಷದ ಆ ಕೆಲಸ ದಿನಗಟ್ಟಲೆ ಎಳೆಯಿತು.

ಕನ್ನಡದ ಸಮಸ್ಯೆ

ಇಂಗ್ಲಿಷ್ ಕೈಪಿಡಿಗಳಲ್ಲಿ ಸಿಗದ, ಕರ್ನಾಟಕದಲ್ಲಿ ಅತಿ ಸಾಮಾನ್ಯವಾದ ವೈಫಲ್ಯ ಇದು: ವಿಂಡೋಸ್ ಎದ್ದಿದೆ, ಎಲ್ಲ ಕಡತಗಳೂ ಇವೆ, ಆದರೆ ಕನ್ನಡ ಇಲ್ಲ. ಇದರ ಬೇರು ಎರಡು ಬಗೆಯ ಅಕ್ಷರ ಸಂಕೇತಗಳಲ್ಲಿದೆ. 1991ರ ಮೊದಲ ಯೂನಿಕೋಡ್ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತ್ತು. ಆದರೆ ವಿಂಡೋಸ್ ಅದನ್ನು ತೋರಿಸಲು ಕಲಿತದ್ದು 2001ರ ಎಕ್ಸ್‌ಪಿಯಲ್ಲಿ, ತುಂಗಾ ಫಾಂಟಿನೊಂದಿಗೆ. ಅಷ್ಟರಲ್ಲಿ ಕನ್ನಡಿಗರು ಕಾದು ಕೂತಿರಲಿಲ್ಲ. ಶೇಷಾದ್ರಿವಾಸು ಅವರ ‘ಬರಹ’ 1998ರಲ್ಲಿ ಬಂದಿತ್ತು. ಕನ್ನಡ ಗಣಕ ಪರಿಷತ್ತು ರೂಪಿಸಿದ, ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವನ್ನು ಆಧರಿಸಿದ ‘ನುಡಿ’ ಸರ್ಕಾರಿ ಕಚೇರಿಗಳ ಮಾಮೂಲು ತಂತ್ರಾಂಶವಾಯಿತು. ಇವೆರಡರ ಹಳೆಯ ಫಾಂಟುಗಳು ರೋಮನ್ ಅಕ್ಷರಗಳ ಜಾಗದಲ್ಲೇ ಕನ್ನಡದ ತುಣುಕುಗಳನ್ನು ಕೂರಿಸಿದ್ದವು. ಆ ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಗೋಜಲು.

ಫಾರ್ಮ್ಯಾಟ್ ಆದ ಯಂತ್ರದಲ್ಲಿ ನುಡಿ ಹಾಕದೆ ಹಳೆಯ ವರ್ಡ್ ಕಡತ ತೆರೆದಾಗ ‘ಕನ್ನಡ’ ಎಂಬ ಮೂರಕ್ಷರದ ಜಾಗದಲ್ಲಿ ಇಂಗ್ಲಿಷಿನ ಪಿ, ತಲೆಯ ಮೇಲೆ ಗೆರೆ ಇರುವ ಎ, ಬ್ರಿಟಿಷ್ ಪೌಂಡಿನ ಗುರುತು, ಜರ್ಮನ್ ಅಕ್ಷರವೊಂದು ಸಾಲಾಗಿ ಕಾಣುವುದು ಇದಕ್ಕೇ. ಪೌಂಡಿನ ಗುರುತು ನಿಜದಲ್ಲಿ ‘ನ’. ಕಡತ ಕೆಟ್ಟಿಲ್ಲ, ವೈರಸ್ ಬಂದಿಲ್ಲ. ಆ ಹೆಸರಿನ ನುಡಿ ಫಾಂಟನ್ನು ಹಾಕಿದ ಕ್ಷಣ ಅದೇ ಕಡತ ಸರಿಯಾಗುತ್ತದೆ. ಇದನ್ನು ತಿಳಿಯದೆ ವರ್ಷಗಳ ನಡಾವಳಿಯನ್ನು ‘ಹಾಳಾಗಿದೆ’ ಎಂದು ಅಳಿಸಿದರೆ ಮಾತ್ರ ಅದು ನಿಜಕ್ಕೂ ಹಾಳು. ಕಡತ ಉಳಿಸಿಕೊಂಡು ಮಾಡಿದ ಅಪ್‌ಗ್ರೇಡ್‌ನಲ್ಲಿ ಫಾಂಟುಗಳು ಸಾಮಾನ್ಯವಾಗಿ ಉಳಿಯುತ್ತವೆ, ಫಾರ್ಮ್ಯಾಟ್‌ನಲ್ಲಿ ಉಳಿಯುವುದಿಲ್ಲ. ಆದ್ದರಿಂದ ಬ್ಯಾಕಪ್ ಎಂದರೆ ಕಡತಗಳಷ್ಟೇ ಅಲ್ಲ, ವಿಂಡೋಸ್‌ನ ಫಾಂಟ್ಸ್ ಫೋಲ್ಡರೂ ಹೌದು.

ಯೂನಿಕೋಡ್‌ನಲ್ಲಿ ಬರೆದವರಿಗೂ ಒಂದು ಸಣ್ಣ ಆಘಾತ ಕಾದಿರುತ್ತದೆ. ವಿಂಡೋಸ್ 8ರಿಂದ ಕನ್ನಡದ ಮುಖ್ಯ ಫಾಂಟ್ ನಿರ್ಮಲಾ ಆಯಿತು. ವಿಂಡೋಸ್ 10ರಲ್ಲಿ ತುಂಗಾ ಪೂರಕ ಫಾಂಟುಗಳ ಪಟ್ಟಿಗೆ ಸರಿಯಿತು. ಬೇಕಾದರೆ ‘ಆಪ್ಷನಲ್ ಫೀಚರ್ಸ್’ನಲ್ಲಿ ಕನ್ನಡದ್ದನ್ನು ಹುಡುಕಿ ಹಾಕಿಕೊಳ್ಳಬೇಕು. ಹಾಕಿಕೊಳ್ಳದಿದ್ದರೆ ಅಕ್ಷರ ಕಾಣುತ್ತವೆ, ಆದರೆ ಅಗಲ ಬದಲಾಗಿ ಸಾಲುಗಳು ಜರುಗುತ್ತವೆ. ಒಂದು ಪುಟಕ್ಕೆ ಅಳತೆ ಮಾಡಿ ಕೂರಿಸಿದ ಅರ್ಜಿ ನಮೂನೆ ಒಂದೂಕಾಲು ಪುಟವಾಗುತ್ತದೆ.

ಡಿಟಿಪಿ ಅಂಗಡಿಗಳ ಕಷ್ಟ ಇನ್ನೊಂದು ಬಗೆಯದು. ಲಗ್ನಪತ್ರಿಕೆ, ಜಾತ್ರೆಯ ಕರಪತ್ರಗಳ ಹಳೆಯ ಮಾದರಿಗಳೆಲ್ಲ ಪೇಜ್‌ಮೇಕರ್‌ನಲ್ಲಿರುತ್ತವೆ. 2001ರ 7.0 ಆವೃತ್ತಿಯ ನಂತರ ಆ ತಂತ್ರಾಂಶಕ್ಕೆ ಹೊಸ ಆವೃತ್ತಿಯೇ ಬರಲಿಲ್ಲ, ಯೂನಿಕೋಡ್ ಕನ್ನಡ ಅದಕ್ಕೆ ತಿಳಿಯದು. ಇಂಥ ಅಂಗಡಿಗಳಲ್ಲಿ ಹಳೆಯ ಯಂತ್ರವೊಂದನ್ನು ಇಂಟರ್ನೆಟ್ ತಪ್ಪಿಸಿ ಹಾಗೆಯೇ ಇಟ್ಟುಕೊಂಡು, ಹೊಸ ಕೆಲಸಕ್ಕೆ ಹೊಸ ಯಂತ್ರ ಬಳಸುವುದೇ ವ್ಯವಹಾರದ ಜಾಣತನ. ಅಪ್‌ಗ್ರೇಡ್ ಮಾಡದಿರುವುದೂ ಕೆಲವೊಮ್ಮೆ ಸರಿಯಾದ ತೀರ್ಮಾನ.

ಶಾಶ್ವತ ಪರಿಹಾರ ಹಳೆಯ ಕಡತಗಳನ್ನು ಯೂನಿಕೋಡ್‌ಗೆ ಪರಿವರ್ತಿಸುವುದು. ಸರ್ಕಾರವೂ ಯೂನಿಕೋಡ್ ಬಳಕೆಗೆ ಆದೇಶಿಸಿದೆ. ನುಡಿ, ಬರಹಗಳಲ್ಲೇ ಪರಿವರ್ತಕಗಳಿವೆ, ಅರವಿಂದ ವಿ.ಕೆ. ಅವರು ರೂಪಿಸಿದ ಮುಕ್ತ ಪರಿವರ್ತಕವೂ ಇದೆ. ಪರಿವರ್ತನೆಯ ಮೇಲೆ ಕಣ್ಣಾಡಿಸದೆ ಬಿಡಬಾರದು. ಹಳೆಯ ಸಂಕೇತದಲ್ಲಿ ಅರ್ಕಾವತ್ತನ್ನು ಕಾಗದದ ಮೇಲೆ ಕಾಣುವಂತೆ ವ್ಯಂಜನದ ನಂತರ ಒತ್ತುತ್ತಿದ್ದರು. ಯೂನಿಕೋಡ್‌ನಲ್ಲಿ ಅದು ಮೊದಲು ಬರಬೇಕು. ಇನ್ನು ಕನ್ನಡದ ನಡುವೆ ಇಂಗ್ಲಿಷ್ ಪದ ಬಂದರೆ ಪರಿವರ್ತಕ ಅದನ್ನೂ ಕನ್ನಡದ ಸಂಕೇತವೆಂದೇ ತಿಳಿದು ವಿಚಿತ್ರ ಅಕ್ಷರ ಹುಟ್ಟಿಸುತ್ತದೆ. ಹೆಸರು, ಸರ್ವೆ ನಂಬರ್, ಹಣದ ಮೊತ್ತ ಇರುವ ಕಡತಗಳನ್ನು ಮೂಲದ ಪಕ್ಕ ಇಟ್ಟು ತಾಳೆ ನೋಡಲೇಬೇಕು.

ಉಪಕರಣಗಳು

ಸೇವಾ ಕೇಂದ್ರಗಳಲ್ಲಿ ಅಪ್‌ಗ್ರೇಡ್ ನಂತರ ಬೆರಳಗುರುತು ಓದುವ ಯಂತ್ರ ನಿಂತರೆ ಕೆಲಸವೇ ನಿಂತಂತೆ. ಆಧಾರ್ ದೃಢೀಕರಣಕ್ಕೆ ಬರಿಯ ಡ್ರೈವರ್ ಸಾಲದು, ತಯಾರಕರ ಆರ್‌ಡಿ ಸರ್ವೀಸ್ ಎಂಬ ತಂತ್ರಾಂಶ ಕೂಡ ಓಡುತ್ತಿರಬೇಕು. ಎರಡನ್ನೂ ತೆಗೆದು, ಯಂತ್ರದ ಕೇಬಲ್ ಬಿಡಿಸಿ, ತಯಾರಕರ ತಾಣದಿಂದ ಹೊಸದನ್ನು ಹಾಕಿ, ಆಮೇಲೆ ಕೇಬಲ್ ಸಿಕ್ಕಿಸುವುದು ಸರಿಯಾದ ಕ್ರಮ. ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ವಿಚಾರದಲ್ಲಿ ಭಯಪಡಬೇಕಿಲ್ಲ. ಸಹಿಯ ಗುಪ್ತ ಕೀಲಿ ಟೋಕನ್ ಒಳಗೇ ಇರುತ್ತದೆ, ಕಂಪ್ಯೂಟರ್ ಫಾರ್ಮ್ಯಾಟ್ ಆದರೂ ಹೋಗುವುದಿಲ್ಲ. ಅದರ ಡ್ರೈವರ್ ಮತ್ತೆ ಹಾಕಿದರೆ ಸಾಕು. ಡಿಟಿಪಿ ಅಂಗಡಿಗಳ ಹಳೆಯ ನಂಟ ಕ್ಯಾನನ್ ಎಲ್‌ಬಿಪಿ 2900 ಪ್ರಿಂಟರಿಗೆ ವಿಂಡೋಸ್‌ನ ಸಾಮಾನ್ಯ ಡ್ರೈವರ್ ಆಗುವುದಿಲ್ಲ, ಅದರದೇ ಡ್ರೈವರ್ ಬೇಕು. ಅದರ ಪ್ರತಿಯನ್ನು ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಂಡಿರುವುದು ಒಳ್ಳೆಯದು.

ಲಿನಕ್ಸ್ ಮತ್ತು ಇತರೆ

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳೂ ಸೇರಿದಂತೆ ಕೇರಳದ ಸರ್ಕಾರಿ ಶಾಲೆಗಳಲ್ಲಿ ವಿಂಡೋಸ್ ಬದಲು ಕೈಟ್ ಸಂಸ್ಥೆಯ ಗ್ನೂ ಲಿನಕ್ಸ್ ನಡೆಯುತ್ತದೆ. 2001ರಲ್ಲಿ ಐಟಿ@ಸ್ಕೂಲ್ ಯೋಜನೆಯಾಗಿ ಆರಂಭವಾದದ್ದು 2017ರಲ್ಲಿ ಕೈಟ್ ಆಯಿತು. ಉಬುಂಟುವಿನ ದೀರ್ಘಾವಧಿ ಆವೃತ್ತಿಗಳನ್ನು ಆಧರಿಸಿ, ಶಾಲೆಗೆ ಬೇಕಾದ ತಂತ್ರಾಂಶಗಳನ್ನು ಸೇರಿಸಿ ಅದನ್ನು ಸಿದ್ಧಪಡಿಸುತ್ತಾರೆ. ಪರವಾನಗಿಯ ಖರ್ಚಿಲ್ಲ, ಹಳೆಯ ಯಂತ್ರದಲ್ಲೂ ಓಡುತ್ತದೆ. ಎಲ್ಲ ಶಾಲೆಗೂ ಒಂದೇ ವ್ಯವಸ್ಥೆ ಇರುವುದರಿಂದ ಒಂದು ಕಡೆ ಕಂಡ ಪರಿಹಾರ ಎಲ್ಲ ಕಡೆಗೂ ಸಲ್ಲುತ್ತದೆ. ಕರ್ನಾಟಕ ಈ ಮಾದರಿಯನ್ನು ಗಂಭೀರವಾಗಿ ನೋಡಬಹುದಿತ್ತು.

ಲಿನಕ್ಸ್ ಅಪ್‌ಗ್ರೇಡ್ ಕೆಡುವುದಿಲ್ಲವೆಂದಲ್ಲ. ಉಬುಂಟುವಿನಲ್ಲಿ ಒಂದು ದೀರ್ಘಾವಧಿ ಆವೃತ್ತಿಯಿಂದ ಮುಂದಿನದಕ್ಕೆ ಮಾತ್ರ ಏರಬಹುದು, 18.04ರಲ್ಲಿ ಇದ್ದವರು 20.04ನ್ನು ಹಾದೇ 22.04ಕ್ಕೆ ಹೋಗಬೇಕು. ನಡುವೆ ಕರೆಂಟ್ ಹೋದರೆ ವಿಂಡೋಸ್‌ನಂತೆ ತಾನಾಗಿ ಹಿಂದಕ್ಕೆ ಮರಳುವ ವ್ಯವಸ್ಥೆ ಸಾಮಾನ್ಯವಾಗಿ ಇರುವುದಿಲ್ಲ. ಆದರೆ ಹಳೆಯ ಕರ್ನಲ್, ಯಂತ್ರ ಏಳುವಾಗ ಬರುವ ಗ್ರಬ್ ಮೆನುವಿನಲ್ಲಿ ಉಳಿದಿರುತ್ತದೆ. ಅದರ ರಿಕವರಿ ಮೋಡ್‌ನಲ್ಲಿ ಎದ್ದು, ಅರ್ಧಕ್ಕೆ ನಿಂತ ಪ್ಯಾಕೇಜುಗಳನ್ನು ಡಿಪಿಕೆಜಿ ಎಂಬ ಕಮಾಂಡಿನಿಂದ ಪೂರ್ಣಗೊಳಿಸಿದರೆ ಬಹುಪಾಲು ಸರಿಹೋಗುತ್ತದೆ. ಕನ್ನಡಕ್ಕೆ ಲೋಹಿತ್, ಗುಬ್ಬಿ, ನವಿಲು ಫಾಂಟುಗಳೂ ಐಬಸ್ ಎಂಬ ಟೈಪಿಂಗ್ ಸಾಧನದಲ್ಲಿ ಕನ್ನಡ ಗಣಕ ಪರಿಷತ್ತಿನ (ಕೆಜಿಪಿ) ಕೀಲಿಮಣೆಯೂ ಸಿಗುತ್ತವೆ. ಒಂದೇ ಯಂತ್ರದಲ್ಲಿ ವಿಂಡೋಸ್, ಲಿನಕ್ಸ್ ಎರಡೂ ಇಟ್ಟುಕೊಂಡವರು ವಿಂಡೋಸ್ ಅಪ್‌ಡೇಟ್‌ನ ಮೇಲೂ ಕಣ್ಣಿಡಬೇಕು. 2024ರ ಆಗಸ್ಟ್‌ನ ಅಪ್‌ಡೇಟ್ ಸೆಕ್ಯೂರ್ ಬೂಟ್ ನಿಯಮ ಬಿಗಿಗೊಳಿಸಿ ಎಷ್ಟೋ ಯಂತ್ರಗಳಲ್ಲಿ ಲಿನಕ್ಸ್ ಏಳದಂತೆ ಮಾಡಿತ್ತು.

ಮೊಬೈಲುಗಳಲ್ಲಿ ಈ ತೊಂದರೆ ಕಡಿಮೆ. 2016ರ ಆಂಡ್ರಾಯ್ಡ್ 7ರಿಂದ ಅನೇಕ ಫೋನುಗಳಲ್ಲಿ ವ್ಯವಸ್ಥೆಗೆ ಎರಡು ವಿಭಾಗಗಳಿರುತ್ತವೆ. ಒಂದರಲ್ಲಿ ಫೋನ್ ಓಡುತ್ತಿರುವಾಗ ಇನ್ನೊಂದರಲ್ಲಿ ಹೊಸದು ಕೂರುತ್ತದೆ, ಎದ್ದೇಳದಿದ್ದರೆ ಹಳೆಯದಕ್ಕೇ ಮರಳುತ್ತದೆ.

ಅರ್ಹತೆಯಿಲ್ಲದ ಯಂತ್ರಗಳು

ವಿಂಡೋಸ್ 11ರ ತಪಾಸಣೆಯನ್ನು ತಪ್ಪಿಸಿ ಹಳೆಯ ಯಂತ್ರಕ್ಕೆ ಹಾಕುವ ಉಪಾಯಗಳು ಬೇಕಾದಷ್ಟಿವೆ, ಅಂಗಡಿಗಳಲ್ಲಿ ಅದು ದಿನನಿತ್ಯದ ಕೆಲಸವಾಗಿದೆ. ಅಂಥ ಯಂತ್ರಗಳಿಗೆ ಅಪ್‌ಡೇಟ್ ಸಿಗುವ ಖಾತ್ರಿಯನ್ನು ಮೈಕ್ರೋಸಾಫ್ಟ್ ಕೊಡುವುದಿಲ್ಲ. ಮನೆಯ ಒಂದು ಯಂತ್ರಕ್ಕೆ ಇದು ಒಪ್ಪಬಹುದಾದ ಪ್ರಯೋಗ. ಜನರ ಆಧಾರ್, ಪಹಣಿ, ಬ್ಯಾಂಕ್ ವ್ಯವಹಾರ ನಡೆಯುವ ಕೇಂದ್ರಕ್ಕೆ ಅಲ್ಲ. ಅಲ್ಲಿ ಎರಡೇ ದಾರಿ: ಯಂತ್ರ ಬದಲಿಸುವುದು, ಅಥವಾ ಕೆಲಸ ಒಪ್ಪುವುದಾದರೆ ಲಿನಕ್ಸ್‌ಗೆ ಹೋಗುವುದು. ನಿರ್ಧರಿಸಲು ಸಮಯ ಬೇಕೆನ್ನುವವರಿಗೆ ಮೈಕ್ರೋಸಾಫ್ಟ್ ವಿಂಡೋಸ್ 10ರ ಭದ್ರತಾ ತಿದ್ದುಪಡಿಗಳನ್ನು ನೋಂದಾಯಿಸಿಕೊಂಡ ಮನೆಬಳಕೆಯ ಯಂತ್ರಗಳಿಗೆ 2026ರ ಅಕ್ಟೋಬರ್‌ವರೆಗೆ ವಿಸ್ತರಿಸುವುದಾಗಿ ಪ್ರಕಟಿಸಿತು. ಸಂಸ್ಥೆಗಳಿಗೆ ಹಣ ಕೊಟ್ಟು ಮೂರು ವರ್ಷದವರೆಗೆ ಪಡೆಯುವ ಅವಕಾಶವಿದೆ.